ಸಮುದ್ರಕ್ಕೆ ಇಳಿದ ಸೊಲ್ಲಾಪುರದ ಸಾಹಸಿ: ಶೇಠ ವಾಲಚಂದ ಹೀರಾಚಂದ

ಸಮುದ್ರದಿಂದ ನೂರಾರು ಮೈಲು ದೂರದ ಬಯಲುಸೀಮೆಯಲ್ಲಿ ಹುಟ್ಟಿ, ಭಾರತದ ನೌಕೋದ್ಯಮಕ್ಕೆ ಅಡಿಪಾಯ ಹಾಕಿದ ಮಹನೀಯರಲ್ಲಿ ಶೇಠ ವಾಲಚಂದ ಹೀರಾಚಂದರು ಅಗ್ರಗಣ್ಯರು. ಅವರು 1882ನೆಯ ಇಸವಿ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದರು. ಅವರದು ಗುಜರಾತಿ ಮನೆಮಾತಿನ ಜೈನ ಮನೆತನ. ಊರು ಮಾತ್ರ ಮರಾಠಿ, ಕನ್ನಡ, ತೆಲುಗು ಮೂರೂ ಬೆರೆತದ್ದು. ವಿಜಾಪುರ, ಇಂಡಿ, ಅಕ್ಕಲಕೋಟೆಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಮುಂಬಯಿ, ಠಾಣೆಗಳಿಗೆ ಬಂದ ಕನ್ನಡಿಗರಿಗೆ ಆ ಊರು ಪರಸ್ಥಳವೆನಿಸದು.

ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ ಅವರ ಮನೆಯ ವೃತ್ತಿಗಳಾಗಿದ್ದವು. ಮೆಟ್ರಿಕ್ಯುಲೇಶನ್ ಮುಗಿಸಿದ ವಾಲಚಂದರು ಮುಂಬಯಿಯ ಸೇಂಟ್ ಝೇವಿಯರ್ಸ್ ಮತ್ತು ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ಓದಿದರಾದರೂ ಪದವಿಯನ್ನು ಪಡೆಯಲಿಲ್ಲ. ಹಿರಿಯರ ವ್ಯಾಪಾರವೂ ಅವರ ಮನಸ್ಸಿಗೆ ಹಿಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಡನೆ ಕೂಡಿ ಅವರು ರೈಲುಹಾದಿಯ ಗುತ್ತಿಗೆಯನ್ನು ಹಿಡಿದರು. ಬಾರ್ಶಿಯ ಸಣ್ಣ ರೈಲುಹಾದಿಯ ಕೆಲಸವೇ ಅವರ ಮೊದಲ ಪಾಠಶಾಲೆಯಾಯಿತು. ಮಣ್ಣು ಅಗೆಯುವುದಕ್ಕೆ ಎಷ್ಟು ಆಳು ಬೇಕು, ಕಲ್ಲು ಎಲ್ಲಿಂದ ತರಬೇಕು, ಮಳೆಗಾಲಕ್ಕೆ ಮುನ್ನ ಎಷ್ಟು ಕೆಲಸ ಮುಗಿಯಬೇಕು ಎಂಬ ಲೆಕ್ಕವನ್ನು ಅವರು ಬಿಸಿಲಿನಲ್ಲಿ ನಿಂತೇ ಕಲಿತರು.

ಈ ಅನುಭವವು ವ್ಯರ್ಥವಾಗಲಿಲ್ಲ. ಮುಂದೆ ಅವರ ನೇತೃತ್ವದ ಕಂಪನಿಯು ಮುಂಬಯಿ-ಪುಣೆ ರೈಲುಮಾರ್ಗದ ಭೋರ ಘಾಟಿನಲ್ಲಿ ಸುರಂಗಗಳನ್ನು ಕೊರೆಯಿತು. ನಮ್ಮ ಠಾಣೆ ಜಿಲ್ಲೆಯ ತಾನಸಾ ಸರೋವರದಿಂದ ಮುಂಬಯಿಗೆ ನೀರು ಒಯ್ಯುವ ಕೊಳವೆಗಳನ್ನು ಹಾಕಿತು.

ಮೊದಲನೆಯ ಮಹಾಯುದ್ಧವು ಮುಗಿದಾಗ ಎಲ್ಲೆಡೆಯೂ ಹಡಗುಗಳ ಅಭಾವವಿದ್ದಿತು. ಭಾರತದ ಸಮುದ್ರವ್ಯಾಪಾರವೆಲ್ಲ ಆಗ ಬ್ರಿಟಿಷ್ ಕಂಪನಿಗಳ ಕೈಯಲ್ಲಿತ್ತು. 1906ರಲ್ಲಿ ತೂತ್ತುಕುಡಿಯಲ್ಲಿ ವ. ಉ. ಚಿದಂಬರಂ ಪಿಳ್ಳೆಯವರು ಕಟ್ಟಿದ ಸ್ವದೇಶಿ ಹಡಗು ಕಂಪನಿಯು ಅವರ ಪೈಪೋಟಿಯನ್ನೂ ಸರಕಾರದ ದಬ್ಬಾಳಿಕೆಯನ್ನೂ ತಾಳಲಾರದೆ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗಿತ್ತು. ಇದನ್ನು ಅರಿತಿದ್ದೂ ವಾಲಚಂದರು ಹಿಂಜರಿಯಲಿಲ್ಲ. ಗ್ವಾಲಿಯರದ ಸಿಂಧಿಯಾ ಮಹಾರಾಜರು ಯುದ್ಧಕಾಲದಲ್ಲಿ ಆಸ್ಪತ್ರೆಯ ಹಡಗನ್ನಾಗಿ ನಡೆಯಿಸಿದ್ದ ‘ಲಾಯಲ್ಟಿ’ಯು ಮಾರಾಟಕ್ಕಿದೆ ಎಂದು ತಿಳಿದೊಡನೆ, ನರೋತ್ತಮ ಮೊರಾರ್ಜಿ ಮೊದಲಾದ ಮಿತ್ರರೊಡನೆ ಅದನ್ನು ಕೊಂಡರು. ಹೀಗೆ 1919ರಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯು ಉದಯಿಸಿತು. ಅದೇ ವರ್ಷ ಏಪ್ರಿಲ್ 5ರಂದು ‘ಲಾಯಲ್ಟಿ’ಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನದ ನೆನಪಿಗಾಗಿ 1964ರಿಂದ ಪ್ರತಿವರ್ಷವೂ ಏಪ್ರಿಲ್ 5ನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ.

ಹೊರಟಷ್ಟು ಸುಲಭವಾಗಿ ಹಡಗು ದಡ ಸೇರುವುದಿಲ್ಲ. ‘ಲಾಯಲ್ಟಿ’ಯು ಹಳೆಯ ಹಡಗು, ಅದರಿಂದ ಲಾಭವಾಗದೆ 1923ರಲ್ಲಿ ಅದನ್ನು ಒಡೆದುಹಾಕಬೇಕಾಯಿತು. ಬ್ರಿಟಿಷ್ ಕಂಪನಿಗಳು ಸಾಗಾಣಿಕೆಯ ದರವನ್ನು ನಷ್ಟವಾಗುವಷ್ಟು ಇಳಿಸಿ, ಹೊಸ ಕಂಪನಿಯನ್ನು ಮುಳುಗಿಸಲು ಹವಣಿಸಿದವು. ಕೊನೆಗೆ 1923ರಲ್ಲಿ ಸಿಂಧಿಯಾ ಕಂಪನಿಯು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅದರಂತೆ ಹತ್ತು ವರ್ಷಗಳವರೆಗೆ ಅದು ಕರಾವಳಿಯ ಸಾಗಾಣಿಕೆಯನ್ನಷ್ಟೇ, ಅದನ್ನೂ ಒಂದು ಮಿತಿಯೊಳಗೆ, ನಡೆಯಿಸಬೇಕಾಗಿತ್ತು. ದೂರದೇಶಗಳ ಕನಸು ಕಂಡವರಿಗೆ ಇದು ಕಹಿಯಾದ ಗುಟುಕು. ಆದರೆ ಕಂಪನಿಯು ಉಳಿದುಕೊಂಡಿತು. ನರೋತ್ತಮ ಮೊರಾರ್ಜಿಯವರು 1929ರಲ್ಲಿ ತೀರಿಕೊಂಡ ಮೇಲೆ ವಾಲಚಂದರೇ ಅದರ ಅಧ್ಯಕ್ಷರಾಗಿ, 1950ರವರೆಗೆ ಅದನ್ನು ನಡೆಯಿಸಿದರು.

ಹಡಗು ಇದ್ದರೆ ಸಾಲದು, ಅದನ್ನು ನಡೆಯಿಸಬಲ್ಲ ಜನ ಬೇಕು. ಆ ಕಾಲದಲ್ಲಿ ನಮ್ಮವರು ಖಲಾಸಿಗಳಾಗಿ ಬೆವರು ಸುರಿಸುತ್ತಿದ್ದರು. ಅಧಿಕಾರಿಯ ಸ್ಥಾನವು ಅವರಿಗೆ ದೊರೆಯುತ್ತಿರಲಿಲ್ಲ. ಈ ಕೊರತೆಯನ್ನು ನೀಗಬೇಕೆಂದು ದೇಶದ ಮುಂದಾಳುಗಳು ಒತ್ತಾಯಪಡಿಸಿದುದರ ಫಲವಾಗಿ, 1927ರಲ್ಲಿ ಮುಂಬಯಿ ಬಂದರಿನಲ್ಲಿ ‘ಡಫರಿನ್’ ಎಂಬ ತರಬೇತಿ ಹಡಗು ಆರಂಭವಾಯಿತು. ಅಲ್ಲಿ ಕಲಿತ ಭಾರತೀಯ ಹುಡುಗರೇ ಮುಂದೆ ಹಡಗುಗಳ ಕಪ್ತಾನರಾದರು.

ಹಡಗುಗಳನ್ನು ಇಲ್ಲಿಯೇ ಕಟ್ಟಬೇಕೆಂಬುದು ವಾಲಚಂದರ ಮತ್ತೊಂದು ಹಂಬಲ. 1941ರ ಜೂನ್ 21ರಂದು ವಿಶಾಖಪಟ್ಟಣದ ಹಡಗುಕಟ್ಟೆಗೆ ಬಾಬು ರಾಜೇಂದ್ರಪ್ರಸಾದರು ಅಡಿಗಲ್ಲನ್ನಿಟ್ಟರು. ಮರುವರ್ಷವೇ ಜಪಾನಿನ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದುದರಿಂದ ಕೆಲಸಕ್ಕೆ ವಿಘ್ನವುಂಟಾಯಿತು. ಆದರೂ 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ‘ಜಲ ಉಷಾ’ ಎಂಬ ಹಡಗನ್ನು ಪಂಡಿತ ನೆಹರೂ ಅವರು ನೀರಿಗಿಳಿಸಿದರು. ಈ ನಡುವೆ, 1940ರಲ್ಲಿ, ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದವರೂ ಇವರೇ. 1953ರ ಏಪ್ರಿಲ್ 8ರಂದು ವಾಲಚಂದರು ನಿಧನರಾದರು.

ವಿದ್ಯಾರ್ಥಿಗಳೇ, ಈ ಜೀವನವು ನಮಗೇಕೆ ಬೇಕು? ನಮ್ಮ ಕೋಪರಿಯ ಬದಿಯಲ್ಲಿಯೇ ಠಾಣೆಯ ಖಾಡಿಯಿದೆ. ಕೋಳಿ ಜನರು ತಲೆತಲಾಂತರದಿಂದ ಅದರಲ್ಲಿ ಬಲೆ ಬೀಸಿ ಬದುಕಿದವರು. ಅದರ ದಂಡೆಯ ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ದೂರದಿಂದ ರಾಜಹಂಸಗಳು ಬರುತ್ತವೆ. 2022ರಲ್ಲಿ ಈ ಖಾಡಿಯು ರಾಮ್ಸಾರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಸಮುದ್ರದಿಂದ ಅನ್ನ ಪಡೆಯುವುದರ ಜೊತೆಗೆ ಅದನ್ನು ಕೆಡದಂತೆ ಕಾಯುವುದೂ ಇಂದಿನ ಉದ್ಯೋಗವೇ ಆಗಿದೆ. 2050ರ ಸುಮಾರಿಗೆ ಹಡಗುಗಳ ಹೊಗೆಯ ಕೇಡನ್ನು ಇಲ್ಲವಾಗಿಸಬೇಕೆಂದು ಅಂತರರಾಷ್ಟ್ರೀಯ ನೌಕಾ ಸಂಸ್ಥೆಯು 2023ರಲ್ಲಿ ಗುರಿಯಿಟ್ಟುಕೊಂಡಿದೆ. ಹೊಸ ಇಂಧನ, ಹೊಸ ಯಂತ್ರಗಳನ್ನು ಬಲ್ಲವರು ಅದಕ್ಕೆ ಬೇಕು.

ಇದಕ್ಕೆ ಸಿದ್ಧತೆಯು ಶಾಲೆಯಲ್ಲಿಯೇ ಆಗತಕ್ಕದ್ದು. ಹಡಗಿನ ಅಧಿಕಾರಿಯಾಗಬೇಕೆನ್ನುವವರು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷುಗಳನ್ನು ಗಟ್ಟಿಮಾಡಿಕೊಳ್ಳಬೇಕು, ಈಜು ಕಲಿಯಬೇಕು, ಕಣ್ಣುಗಳನ್ನು ಜೋಪಾನ ಮಾಡಬೇಕು. 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾಲಯವು ಪ್ರವೇಶ ಪರೀಕ್ಷೆಯನ್ನು ನಡೆಯಿಸುತ್ತದೆ. ಮೀನುಗಾರಿಕೆಯ ಶಾಸ್ತ್ರಕ್ಕೆ 1969ರಲ್ಲಿ ಆರಂಭವಾದ ಮಂಗಳೂರಿನ ಕಾಲೇಜು ಇದೆ. ಸಮುದ್ರವಿಜ್ಞಾನದ ಸಂಶೋಧನೆಗೆ 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯು ಗೋವೆಯಲ್ಲಿದೆ. ಹುಡುಗಿಯರಿಗೂ ಈ ಬಾಗಿಲುಗಳು ತೆರೆದಿವೆ.

ಕನ್ನಡ ಶಾಲೆಯಲ್ಲಿ ಓದಿದ ನಮಗೆ ಇಷ್ಟು ದೂರ ಹೋಗುವುದು ಸಾಧ್ಯವೇ ಎಂದು ಯಾರೂ ಅಳುಕಬೇಕಾಗಿಲ್ಲ. ಸೊಲ್ಲಾಪುರದ ಆ ತರುಣರಿಗೆ ಹಡಗಿನ ವಿಷಯವನ್ನು ಹೇಳಿಕೊಡುವವರು ಮನೆಯಲ್ಲಿರಲಿಲ್ಲ. ಅವರು ಬಾರ್ಶಿಯ ರೈಲುಹಾದಿಯಿಂದ ಆರಂಭಿಸಿ, ಒಂದು ಕೆಲಸದಲ್ಲಿ ಕಲಿತುದನ್ನು ಮುಂದಿನ ಕೆಲಸಕ್ಕೆ ಬಳಸುತ್ತ ಸಮುದ್ರವನ್ನು ಮುಟ್ಟಿದರು. ನಮ್ಮ ಮಕ್ಕಳು ಇಂದಿನ ಪಾಠವನ್ನು ಇಂದೇ ಚೆನ್ನಾಗಿ ಕಲಿಯಲಿ; ಖಾಡಿಯಾಚೆಯ ದಾರಿಯು ಅವರಿಗೂ ತೆರೆದೀತು.