ನೆಟ್ಟದ್ದು ಒಂದು, ಫಲ ಕೊಟ್ಟದ್ದು ಇನ್ನೊಂದು
(ಹರ್ಮನ್ ಮೋಗ್ಲಿಂಗರ ಬದುಕು)

ಹಳ್ಳಿಯ ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಜರ್ಮನಿಯ ಪಾದ್ರಿಯೊಬ್ಬರ ಜೀವನಕ್ಕೆ ಎಂತ ಕೆಲಸ ಅಂತ ಓದುಗ ಬಂಧುಗಳು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ನಾವು ದಿನಾ ಬೆಳಿಗ್ಗೆ ಓದುವ ಪತ್ರಿಕೆಗೂ, ನಮ್ಮ ಹಳೇ ಮನೆಗಳ ಮಾಡಿನ ಹಂಚಿಗೂ ಈ ಮನುಷ್ಯನ ಬದುಕಿಗೂ ಒಂದು ಎಳೆಯ ಸಂಬಂಧ ಉಂಟು. ಸ್ವಾರಸ್ಯ ಏನೆಂದರೆ, ಈ ಎರಡರಲ್ಲಿ ಯಾವುದಕ್ಕಾಗಿಯೂ ಅವರು ಸಮುದ್ರ ದಾಟಿ ಬಂದವರಲ್ಲ.

ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿ ಬಾಸೆಲ್ ಮಿಶನ್ ಸೇರಿದರು. ಆ ಮಿಶನಿನ ಮೊದಲ ತಂಡ 1834ರಲ್ಲಿ ಮಂಗಳೂರಿಗೆ ಬಂದಿತ್ತು. ಎರಡು ವರ್ಷ ಬಿಟ್ಟು, 1836ರಲ್ಲಿ, ಮೋಗ್ಲಿಂಗರೂ ಬಂದರು. ಅವರ ಉದ್ದೇಶ ಒಂದೇ: ಕ್ರೈಸ್ತ ಧರ್ಮ ಪ್ರಚಾರ. ಅದನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ. ಬಲ್ಮಠದ ಗುಡ್ಡೆಯಲ್ಲಿ ಶಾಲೆ ನಡೆಸಿದರು, ಹುಡುಗರ ಜತೆಯಲ್ಲೇ ವಾಸ ಮಾಡಿದರು, ಕನ್ನಡ ಕಲಿತರು. ಧರ್ಮದ ಮಾತು ಜನರಿಗೆ ಮುಟ್ಟಬೇಕಾದರೆ ಜನರ ಭಾಷೆ ಬೇಕು ಎಂಬುದು ಅವರ ಲೆಕ್ಕಾಚಾರ.

ಅದೇ ಲೆಕ್ಕಾಚಾರದಲ್ಲಿ ಮಿಶನಿನವರು ಮಂಗಳೂರಿಗೆ ಕಲ್ಲಚ್ಚಿನ ಮುದ್ರಣ ಯಂತ್ರ ತರಿಸಿದ್ದರು. ಧರ್ಮದ ಪುಸ್ತಕ ಅಚ್ಚು ಹಾಕ್ಲಿಕ್ಕೆ ಬಂದ ಆ ಯಂತ್ರದಲ್ಲಿ 1843ರ ಜುಲೈ 1ರಂದು ಮೋಗ್ಲಿಂಗರು ಇನ್ನೊಂದು ಕಾಗದವನ್ನೂ ಅಚ್ಚು ಹಾಕಿದರು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಅದೇ 'ಮಂಗಳೂರ ಸಮಾಚಾರ', ಕನ್ನಡದ ಮೊತ್ತಮೊದಲ ಪತ್ರಿಕೆ. ಊರಿನ ವರ್ತಮಾನ, ಸರಕಾರದ ಕಾನೂನು, ಪರದೇಶದ ಸುದ್ದಿ, ಕಥೆ, ನೀತಿಮಾತು ಅದರಲ್ಲಿ ಇರುತ್ತಿದ್ದವು. ಒಂದು ವರ್ಷವೂ ಅದು ಮಂಗಳೂರಿನಲ್ಲಿ ನಿಲ್ಲಲಿಲ್ಲ. 1844ರಲ್ಲಿ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಹೊರಟು, ಸ್ವಲ್ಪ ಕಾಲದಲ್ಲೇ ನಿಂತಿತು. ಆಗಿನ ಲೆಕ್ಕ ಪುಸ್ತಕ ನೋಡಿದವರು ಇದು ಸೋತ ಕೆಲಸ ಅಂತಲೇ ಬರೆಯುತ್ತಿದ್ದರು. ಆದರೆ ಇವತ್ತು ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಇದೇ ನಾಲ್ಕು ಪುಟದ ನೆನಪಿಗೆ.

ಆ ಹೊತ್ತಿಗೇ ಇನ್ನೊಂದು ಸಂಗತಿ ನಡೆಯಿತು. 1844ರ ಆರಂಭದಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಮತ್ತು ಇನ್ನಿಬ್ಬರು ದೀಕ್ಷಾಸ್ನಾನ ಪಡೆದರು. ಮಂಗಳೂರು ಪೇಟೆಯಲ್ಲಿ ದೊಡ್ಡ ಗಲಾಟೆ ಆಯಿತು. ಹೆತ್ತವರಿಗೆ ಮಗ ಇದ್ದೂ ಇಲ್ಲದ ಹಾಗಾಯಿತು. ಪಾದ್ರಿಗಳು ಗೆಲುವು ಅಂದುಕೊಂಡದ್ದು ಕೆಲವು ಮನೆಗಳಲ್ಲಿ ಕಣ್ಣೀರಾಯಿತು. ಮತ ಬದಲಿಸಿದ ಬಡವರ ಪಾಡು ಇನ್ನೂ ಕಷ್ಟ. ಜಾತಿ ಬಿಟ್ಟಾಗ ಜಾತಿಯ ಕಸುಬೂ ಹೋಯಿತು, ಎಷ್ಟೋ ಜನರಿಗೆ ಒಕ್ಕಲಿನ ಗದ್ದೆಯೂ ತಪ್ಪಿತು. ಮೂರ್ತೆದಾರರಿಗೆ ಕಳ್ಳಿನ ಕೆಲಸ ಮಾಡಬಾರದು ಅಂತ ಮಿಶನೇ ಹೇಳಿತು. ಹಾಗಾದರೆ ಊಟಕ್ಕೆ ಏನು ಮಾಡುವುದು? ಉಪದೇಶ ಮಾಡಲು ಬಂದವರ ಬಾಗಿಲಿಗೆ ಹೊಟ್ಟೆಯ ಪ್ರಶ್ನೆ ಬಂದು ನಿಂತಿತು.

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನೇಯ್ಗೆ ಬಂತು, ಅಚ್ಚುಕೂಟದ ಕೆಲಸ ಬೆಳೆಯಿತು. ಅಚ್ಚುಕೂಟಕ್ಕಾಗಿ 1851ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ ಮಂಗಳೂರಿಗೆ ಬಂದರು. ಅಚ್ಚಿನ ಮೊಳೆ ನೋಡಲು ಬಂದ ಈ ಮನುಷ್ಯನ ಕಣ್ಣು ನಮ್ಮ ನದಿಯ ಜೇಡಿಮಣ್ಣಿನ ಮೇಲೆ ಬಿತ್ತು. ರಜೆಯಲ್ಲಿ ಊರಿಗೆ ಹೋದಾಗ ಮಣ್ಣು ಸುಡುವ ವಿದ್ಯೆ ಕಲಿತು ಬಂದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. 1868ರಲ್ಲಿ ಅಲ್ಬುಕರ್ಕ್ ಅವರ ಕಾರ್ಖಾನೆ ಬಂತು, ಆಮೇಲೆ ಒಂದರ ಹಿಂದೆ ಒಂದು. ಮುಳಿಹುಲ್ಲಿನ ಮಾಡಿನ ಕೆಳಗೆ ಮಳೆಗಾಲ ಕಳೆಯುತ್ತಿದ್ದ ನಮ್ಮ ಹಿರಿಯರ ಮನೆಗಳಿಗೆ ಹಂಚು ಬಂತು. ಮಂಗಳೂರು ಹಂಚು ಸಮುದ್ರ ದಾಟಿ ಪರದೇಶಕ್ಕೂ ಹೋಯಿತು. ಜತೆಗೆ, ಆವೆಗೆ ಕಾಡಿನ ಸೌದೆ ರಾಶಿ ರಾಶಿಯಾಗಿ ಇಳಿಯಿತು, ಮಣ್ಣು ತೆಗೆದ ಕಡೆ ಹೊಂಡ ಉಳಿಯಿತು. ಇದನ್ನೂ ಹೇಳದಿದ್ದರೆ ಲೆಕ್ಕ ಸರಿಯಾಗುವುದಿಲ್ಲ. ಈಗ ಹೆಚ್ಚಿನ ಕಾರ್ಖಾನೆಗಳು ಮುಚ್ಚಿವೆ. ಹಂಚು ಮಾತ್ರ ಎಷ್ಟೋ ಮಾಡುಗಳ ಮೇಲೆ ಇನ್ನೂ ಉಂಟು.

ಮೋಗ್ಲಿಂಗರ ಕಥೆಗೆ ತಿರುಗಿ ಬರೋಣ. ಈ ನಾಡಿನ ಜನರ ಮನಸ್ಸು ತಿಳಿಯಬೇಕಾದರೆ ಅವರ ಕಾವ್ಯ ಓದಬೇಕು ಅಂತ ಅವರಿಗೆ ಅನಿಸಿತು. ಆಗ ಹೆಚ್ಚಿನ ಕನ್ನಡ ಕಾವ್ಯಗಳು ಇದ್ದದ್ದು ತಾಳೆಗರಿಯಲ್ಲಿ. ನೀಲಗಿರಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯ ಹಣದ ಸಹಾಯದಿಂದ, 1848ರಿಂದ 1853ರ ತನಕ, 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದರು. ಯೋಚಿಸಿ ನೋಡಿ: ಏಸುವಿನ ಮಾತು ಹೇಳಲು ಬಂದವರು ಶಿವಶರಣರ ಕಥೆಯನ್ನೂ ಹರಿದಾಸರ ಹಾಡನ್ನೂ ಪುಸ್ತಕವಾಗಿ ಕೊಟ್ಟರು! 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1894ರಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಶಬ್ದಗಳ ಮಹಾಗ್ರಂಥ, ಹೊರಬಂದದ್ದೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ.

1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋದರು. ಜೀತದ ಹೊಲೆಯ ಸಮುದಾಯದವರಿಗಾಗಿ ಅಲ್ಲಿ ಆನಂದಪುರ ಎಂಬ ನೆಲೆ ಕಟ್ಟಿದರು. ಆ ಹೆಸರು ಬಂದದ್ದು ಅದೇ ಆನಂದರಾವ್ ಕೌಂಡಿನ್ಯರಿಂದ. ಮಂಗಳೂರಿನ ಗಲಾಟೆಯ ಎಳೆ ಕೊಡಗಿನ ಒಂದು ಊರಿನ ಹೆಸರಿನವರೆಗೆ ಹೋಯಿತು. ಹೆಂಡತಿಯ ಅನಾರೋಗ್ಯದಿಂದ 1860ರಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಮರಳಿದರು, ಮತ್ತೆ ಇಲ್ಲಿಗೆ ಬರಲಿಲ್ಲ. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯುತ್ತದೆ ಅಂತ ನಮ್ಮಲ್ಲಿ ಗಾದೆ ಉಂಟು. ಆದರೆ ಮೋಗ್ಲಿಂಗರ ಬದುಕನ್ನು ಅಷ್ಟಕ್ಕೇ ಮುಗಿಸಿದರೆ ಸಾಲದು ಅಂತ ನಮಗೆ ಕಾಣುತ್ತದೆ. ಬಗೆದದ್ದೇ ಆಗಲಿಲ್ಲ, ನಿಜ. ಆದರೆ ಪತ್ರಿಕೆಯನ್ನು ಪತ್ರಿಕೆಯ ಹಾಗೆ, ಕಾವ್ಯವನ್ನು ಕಾವ್ಯದ ಹಾಗೆ ಶ್ರದ್ಧೆಯಿಂದ ಮಾಡಿದರು. ಆದ್ದರಿಂದ ಅವರ ಉದ್ದೇಶವನ್ನು ಒಪ್ಪದವರಿಗೂ ಅವು ಉಪಯೋಗಕ್ಕೆ ಬಂದವು. ಹಾಗೆಯೇ, ಹೊಟ್ಟೆಪಾಡು ಕಳಕೊಂಡವರನ್ನು ಮಿಶನಿನವರು ನಡುನೀರಿನಲ್ಲಿ ಬಿಡಲಿಲ್ಲ. ಅಂದುಕೊಳ್ಳದೆ ಬಂದ ಹೊಣೆಯನ್ನೂ ಹೊತ್ತುಕೊಂಡರು. ಹಂಚು ಹುಟ್ಟಿದ್ದೇ ಆ ಹೊಣೆಯಿಂದ.

ಸಹಕಾರಿ ಸಂಘದ ಕೆಲಸವೂ ಹೀಗೇ. ಮಹಾಸಭೆಯಲ್ಲಿ ನಾವು ಕೈ ಎತ್ತಿ ಪಾಸು ಮಾಡುವ ಒಂದು ಠರಾವು, ಒಬ್ಬರಿಗೆ ಕೊಟ್ಟ ಅಥವಾ ಕೊಡದೆ ವಾಪಸು ಕಳಿಸಿದ ಒಂದು ಸಾಲ, ಯಾವ ಮನೆಯ ಯಾವ ಮಗುವಿನ ದಾರಿ ತಿರುಗಿಸುತ್ತದೆ ಅಂತ ಆ ದಿನ ಯಾರಿಗೂ ಗೊತ್ತಿರುವುದಿಲ್ಲ. ಕೆಲಸ ಚೊಕ್ಕ ಮಾಡುವುದು, ಮಾಡಿದ ಮೇಲೆ ಅದರ ಹಿಂದೆ ಹೋಗಿ ಏನಾಯಿತು ಅಂತ ನೋಡುವುದು, ಇವೆರಡು ನಮ್ಮ ಕೈಯಲ್ಲಿ ಉಂಟು. ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ಸದಸ್ಯ ಬಂಧುಗಳೆಲ್ಲರಿಗೂ ಈ ಎರಡನ್ನು ನೆನಪಿಸಿ, ಸಂಘಕ್ಕೆ ಚಿನ್ನದ ಹಬ್ಬದ ಯೋಗವೂ ಬರಲಿ ಅಂತ ಹಾರೈಸುತ್ತೇವೆ.