ಸರ್ ಪ್ಯಾಟ್ರಿಕ್ ಮ್ಯಾನ್ಸನ್: ಸೊಳ್ಳೆಯ ಗುಟ್ಟನ್ನು ಅರ್ಧ ಬಿಡಿಸಿದವನು

ಬೀದಿಯ ನಾಯಿಯೊಂದು ಸತ್ತರೆ ಅದು ಏಕೆ ಸತ್ತಿತೆಂದು ವಿಚಾರಿಸುವವರು ಕಡಮೆ. ಸೊಳ್ಳೆ ಕಚ್ಚಿದರೆ ಕೈಯೆತ್ತಿ ಹೊಡೆಯುವವರೇ ಎಲ್ಲರೂ. ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡುವ ತಾಳ್ಮೆ ಯಾರಿಗಿದೆ? ಈ ಎರಡು ಕೆಲಸಗಳನ್ನೂ ಮಾಡಿದ ವೈದ್ಯನೊಬ್ಬನಿದ್ದನು. ಅವನು ಸತ್ತ ನಾಯಿಯ ಹೃದಯವನ್ನು ಸೀಳಿ ನೋಡಿದನು. ರಕ್ತ ಕುಡಿದ ಸೊಳ್ಳೆಯನ್ನು ಸೂಜಿಯ ಮೊನೆಯಿಂದ ಬಿಡಿಸಿ ನೋಡಿದನು. ರಕ್ತ ಹೀರುವ ಕೀಟವೊಂದು ಮನುಷ್ಯನ ರೋಗದ ಹುಳುವನ್ನು ತನ್ನ ಮೈಯೊಳಗೆ ಬೆಳೆಸುತ್ತದೆಂದು ಲೋಕಕ್ಕೆ ಮೊದಲು ತೋರಿಸಿಕೊಟ್ಟನು. ಆತನೇ ಸರ್ ಪ್ಯಾಟ್ರಿಕ್ ಮ್ಯಾನ್ಸನ್. ಅವನ ಜೀವನವನ್ನು ವಿಜ್ಞಾನದ ವಿದ್ಯಾರ್ಥಿಗಳು ಮಾತ್ರವಲ್ಲ, ಚರಿತ್ರೆ ಸಾಹಿತ್ಯಗಳನ್ನು ಓದುವ ನಮ್ಮಂಥವರೂ ತಿಳಿಯತಕ್ಕದ್ದು. ಏಕೆಂದರೆ ಅವನು ಕಂಡ ಸತ್ಯದಷ್ಟೇ ಅವನು ಮಾಡಿದ ತಪ್ಪೂ ನಮಗೆ ಪಾಠವಾಗಿದೆ.

ಮ್ಯಾನ್ಸನ್ನನು 1844ನೆಯ ಇಸವಿ ಅಕ್ಟೋಬರ್ 3ರಂದು ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಓಲ್ಡ್‌ಮೆಲ್ಡ್ರಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಒಂಬತ್ತು ಮಕ್ಕಳ ತುಂಬಿದ ಮನೆ. ಹುಡುಗನನ್ನು ಮೊದಲು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಹಾಕಿದರು. ಆದರೆ ಆ ಶ್ರಮವನ್ನು ಅವನ ಮೈ ತಾಳಲಿಲ್ಲ. ಬೆನ್ನೆಲುಬು ಬಾಗಿ, ಬಲಗೈ ಸೋತು, ಬಹಳ ಕಾಲ ಹಾಸಿಗೆ ಹಿಡಿಯಬೇಕಾಯಿತು. ಕಬ್ಬಿಣ ಕೈಬಿಟ್ಟ ಹುಡುಗನನ್ನು ಪುಸ್ತಕ ಕೈಹಿಡಿಯಿತು. ಚೇತರಿಸಿಕೊಂಡ ಮೇಲೆ ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ 1865ರಲ್ಲಿ ಪದವೀಧರನಾದನು. ಮರುವರ್ಷವೇ ಚೀನಾದ ಸುಂಕದ ಇಲಾಖೆಯ ವೈದ್ಯನಾಗಿ ಫಾರ್ಮೋಸಾ ದ್ವೀಪಕ್ಕೆ, ಅಂದರೆ ಇಂದಿನ ತೈವಾನಿಗೆ, ಹಡಗು ಹತ್ತಿದನು. 1871ರಲ್ಲಿ ಅಲ್ಲಿಂದ ಎದುರು ದಡದ ಅಮಾಯ್ ಬಂದರಿಗೆ ಬಂದನು. ಈಗ ಆ ಊರಿಗೆ ಷಿಯಾಮೆನ್ ಎಂದು ಹೆಸರು.

ಅಮಾಯ್‌ನಲ್ಲಿ ಮ್ಯಾನ್ಸನ್ನನ ಕಣ್ಣಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬಿದ್ದದ್ದು ಆನೆಕಾಲು ರೋಗ. ಕಾಲು ಕಂಬದಂತೆ ಊದಿ, ಮೈಯಿಂದ ಹತ್ತಾರು ಸೇರಿನ ಮಾಂಸ ಜೋತುಬಿದ್ದು, ಎದ್ದು ನಡೆಯಲಾರದೆ ಮನೆಯ ಮೂಲೆ ಹಿಡಿದ ಜನ ಅವನ ಆಸ್ಪತ್ರೆಗೆ ಬರುತ್ತಿದ್ದರು. ಅವನು ಕತ್ತಿ ಹಿಡಿದು ಆ ಭಾರವನ್ನು ಕಳೆಯುತ್ತಿದ್ದನು. ಆದರೆ ಒಬ್ಬನನ್ನು ಕಳುಹಿಸುವಷ್ಟರಲ್ಲಿ ಇನ್ನೊಬ್ಬನು ಬಾಗಿಲಲ್ಲಿರುತ್ತಿದ್ದನು. ರೋಗದ ಬೇರು ಎಲ್ಲಿದೆಯೆಂದು ತಿಳಿಯದೆ ಕೊಂಬೆ ಕಡಿದರೆ ಏನು ಬಂತು? ಈ ಪ್ರಶ್ನೆ ಅವನನ್ನು ಬಿಡದೆ ಕಾಡಿತು.

1874ರಲ್ಲಿ ರಜೆಯ ಮೇಲೆ ಊರಿಗೆ ಹೋದಾಗ ಅವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಪುಸ್ತಕ ಭಂಡಾರದಲ್ಲಿ ಕುಳಿತು ಓದತೊಡಗಿದನು. ಅಲ್ಲಿ ಅವನಿಗೆ ನಮ್ಮ ದೇಶದಿಂದ ಹೋದ ಒಂದು ಸುಳಿವು ಸಿಕ್ಕಿತು. ಕಲ್ಕತ್ತೆಯಲ್ಲಿದ್ದ ತಿಮೋತಿ ಲೂಯಿಸ್ ಎಂಬ ಸೇನಾವೈದ್ಯನು 1872ರಲ್ಲಿ ಮನುಷ್ಯನ ರಕ್ತದಲ್ಲಿ ಕೂದಲಿಗಿಂತ ಸಣ್ಣವಾದ ಮರಿಹುಳುಗಳನ್ನು ಕಂಡಿದ್ದನು. ಅವಕ್ಕೆ ಫೈಲೇರಿಯಾ ಎಂದು ಹೆಸರು. ಮ್ಯಾನ್ಸನ್ನನು ಮದುವೆಯಾಗಿ, ಸೂಕ್ಷ್ಮದರ್ಶಕವನ್ನು ಜೊತೆಗಿಟ್ಟುಕೊಂಡು, ಅಮಾಯ್‌ಗೆ ಮರಳಿದನು.

ಮರಿಹುಳು ರಕ್ತದಲ್ಲಿದ್ದರೆ ತಾಯಿಹುಳು ಎಲ್ಲಿ? ಹುಡುಕಬೇಕಾದರೆ ಹೆಣವನ್ನು ಸೀಳಿ ನೋಡಬೇಕು. ಸತ್ತವರ ದೇಹವನ್ನು ಕತ್ತಿಗೆ ಒಪ್ಪಿಸುವುದು ಅಲ್ಲಿಯ ಜನರಿಗೆ ಸಲ್ಲದ ಮಾತು. ಆಗ ಅವನು ತಿರುಗಿದ್ದು ನಾಯಿಗಳ ಕಡೆಗೆ. ಅಮಾಯ್‌ನ ನಾಯಿಗಳ ಎದೆಯನ್ನು ತೆರೆದಾಗ, ಹೃದಯದ ಬಲಗಡೆಯ ಕೋಣೆಯಲ್ಲಿಯೂ ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದಲ್ಲಿಯೂ ಬಿಳಿಯ ದಾರದಂಥ ಹುಳುಗಳು ಸುತ್ತಿಕೊಂಡಿದ್ದುವು. ಇದೇ ನಾಯಿಯ ಹೃದಯದ ಹುಳು. ಅಮೆರಿಕದ ಜೋಸೆಫ್ ಲೀಡಿ 1856ರಲ್ಲಿಯೇ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ್ದನು. ಹೆಣ್ಣುಹುಳು ಸುಮಾರು ಒಂದು ಅಡಿ ಉದ್ದ ಬೆಳೆಯುತ್ತದೆ. ಗಂಡು ಅದಕ್ಕಿಂತ ಗಿಡ್ಡ. ಹುಳುಗಳು ಹೆಚ್ಚಿದಂತೆ ನಾಯಿ ಕೆಮ್ಮುತ್ತದೆ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುತ್ತದೆ, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತದೆ. ಅದೇ ನಾಯಿಯ ರಕ್ತದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಲ್ಲಿ ಮರಿಹುಳುಗಳು ಹಾವಿನಂತೆ ಹೊರಳಾಡುತ್ತಿರುತ್ತವೆ. ತಾಯಿ ಮೈಯೊಳಗೆ, ಮರಿಗಳು ರಕ್ತದಲ್ಲಿ: ಮನುಷ್ಯನಲ್ಲಿ ಕಾಣಲಾಗದ ಸಂಸಾರವನ್ನು ನಾಯಿ ತೆರೆದು ತೋರಿಸಿತು. 1877ರಲ್ಲಿ ಸುಂಕದ ಇಲಾಖೆಯ ವೈದ್ಯಕೀಯ ವರದಿಯಲ್ಲಿ ಮ್ಯಾನ್ಸನ್ನನು ಈ ನಾಯಿಹುಳುಗಳ ವಿಷಯವನ್ನೂ ಬರೆದನು.

ಇಲ್ಲಿ ಅವನ ಬುದ್ಧಿ ಒಂದು ಹೆಜ್ಜೆ ಮುಂದಿಟ್ಟಿತು. ರಕ್ತದ ಮರಿಗಳು ಬೆಳೆಯುವುದಿಲ್ಲ. ಅಷ್ಟು ಲಕ್ಷ ಮರಿಗಳೂ ಅಲ್ಲಿಯೇ ಬೆಳೆದಿದ್ದರೆ ಹೊತ್ತವನು ಉಳಿಯುತ್ತಿರಲಿಲ್ಲ. ಆದ್ದರಿಂದ ಅವು ಹೊರಗೆ ಹೋಗಿಯೇ ಬೆಳೆಯಬೇಕು. ಆದರೆ ರಕ್ತನಾಳದಿಂದ ಹೊರಬರುವ ದಾರಿ ಅವಕ್ಕೆ ತಾವಾಗಿ ಇಲ್ಲ. ಬೇರೆ ಯಾರೋ ಎತ್ತಿಕೊಂಡು ಹೋಗಬೇಕು. ರಕ್ತವನ್ನು ಕುಡಿದು ಹಾರಿಹೋಗುವವರು ಯಾರು? ಸೊಳ್ಳೆ!

ಅವನ ಮನೆಯಲ್ಲಿ ಕೆಲಸಮಾಡುತ್ತಿದ್ದ ಚೀನೀ ಆಳೊಬ್ಬನ ರಕ್ತದಲ್ಲಿ ಫೈಲೇರಿಯಾ ಇತ್ತು. 1877ರಲ್ಲಿ ಆ ಬಡವನು ಒಪ್ಪಿ ಒಂದು ಸಣ್ಣ ಕೋಣೆಯಲ್ಲಿ ರಾತ್ರಿ ಮಲಗಿದನು. ದೀಪವಿಟ್ಟು ಬಾಗಿಲು ತೆರೆದು ಸೊಳ್ಳೆಗಳನ್ನು ಒಳಗೆ ಬಿಟ್ಟು, ಮತ್ತೆ ಬಾಗಿಲು ಹಾಕಿದರು. ಬೆಳಗ್ಗೆ ಗೋಡೆಯ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ಕುಳಿತ ಸೊಳ್ಳೆಗಳನ್ನು ಗಾಜಿನ ಬಟ್ಟಲಿನಲ್ಲಿ ಹಿಡಿದು, ಹೊಗೆಸೊಪ್ಪಿನ ಹೊಗೆಯಿಂದ ಮಂಕುಗೊಳಿಸಿ, ದಿನಕ್ಕೆ ಕೆಲವನ್ನು ಸೀಳಿ ನೋಡಿದನು. ಮರಿಹುಳುಗಳು ಸೊಳ್ಳೆಯ ಹೊಟ್ಟೆಯಲ್ಲಿ ತಮ್ಮ ತೆಳು ಪೊರೆಯನ್ನು ಕಳಚಿದುವು. ಹೊಟ್ಟೆಯ ಗೋಡೆಯನ್ನು ಕೊರೆದು ಎದೆಯ ಸ್ನಾಯುಗಳಿಗೆ ಹೋದುವು. ಅಲ್ಲಿ ದಪ್ಪವಾಗಿ ಬೆಳೆದುವು. ರೋಗದ ಹುಳು ಸೊಳ್ಳೆಯ ಮೈಯಲ್ಲಿ ಜೀರ್ಣವಾಗಲಿಲ್ಲ, ಬೆಳೆಯಿತು. 1878ರಲ್ಲಿ ಈ ಸಮಾಚಾರ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂತು. ಈ ಮರಿಗಳು ಹಗಲು ಅಡಗಿದ್ದು, ರಾತ್ರಿ ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಮೈಮೇಲಿನ ರಕ್ತಕ್ಕೆ ಬರುತ್ತವೆಂಬುದನ್ನೂ ಅವನು ಕಂಡುಹಿಡಿದನು. ಹಾಗಾದರೆ ಹುಳುಗಳು ಗಡಿಯಾರ ಇಟ್ಟುಕೊಂಡಿವೆಯೇ ಎಂದು ದೊಡ್ಡ ವೈದ್ಯರು ನಕ್ಕರಂತೆ. ನಗೆ ಅಡಗಿತು, ಸತ್ಯ ಉಳಿಯಿತು.

ಆದರೆ ಉಳಿದರ್ಧದಲ್ಲಿ ಮ್ಯಾನ್ಸನ್ನನು ಎಡವಿದನು. ಬೆಳೆದ ಹುಳು ಮತ್ತೆ ಮನುಷ್ಯನಿಗೆ ಹೇಗೆ ಸೇರುತ್ತದೆ? ಅವನು ಸಾಕಿದ ಸೊಳ್ಳೆಗಳು ನಾಲ್ಕೈದು ದಿನಗಳಲ್ಲಿ ಸಾಯುತ್ತಿದ್ದುವು. ಆದುದರಿಂದ ಸೊಳ್ಳೆ ಒಂದೇ ಸಲ ರಕ್ತ ಕುಡಿದು, ನೀರಿನ ಮೇಲೆ ಮೊಟ್ಟೆಯಿಟ್ಟು, ಅಲ್ಲಿಯೇ ಸತ್ತುಬೀಳುತ್ತದೆ, ಆ ನೀರನ್ನು ಕುಡಿದವನಿಗೆ ಹುಳು ಅಂಟುತ್ತದೆ ಎಂದು ತೀರ್ಮಾನಿಸಿದನು. ಸೊಳ್ಳೆಗಳು ಸತ್ತದ್ದು ಅವನ ಗಾಜಿನ ಬಟ್ಟಲಿನಲ್ಲಿ ಅವಕ್ಕೆ ಆಹಾರವಿಲ್ಲದ್ದರಿಂದ ಎಂಬುದು ಅವನಿಗೆ ಹೊಳೆಯಲಿಲ್ಲ. ಈ ಒಂದು ತಪ್ಪು ಸುಮಾರು ಇಪ್ಪತ್ತು ವರ್ಷ ಬಾಳಿತು. ಕಚ್ಚುವ ಸೊಳ್ಳೆಯನ್ನು ಬಿಟ್ಟು ಜನ ಕುಡಿಯುವ ನೀರನ್ನು ಶಂಕಿಸಿದರು.

1883ರಲ್ಲಿ ಅವನು ಹಾಂಗ್‌ಕಾಂಗಿಗೆ ಹೋಗಿ, 1887ರಲ್ಲಿ ಚೀನೀಯರಿಗಾಗಿ ಒಂದು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದವರಲ್ಲಿ ಪ್ರಮುಖನಾದನು. ಮುಂದೆ ಚೀನಾ ಗಣರಾಜ್ಯದ ಜನಕನೆನಿಸಿದ ಸನ್ ಯಾಟ್ ಸೆನ್ ಆ ಕಾಲೇಜಿನ ವಿದ್ಯಾರ್ಥಿ. 1896ರಲ್ಲಿ ಸನ್‌ನನ್ನು ಲಂಡನ್ನಿನ ಚೀನೀ ರಾಯಭಾರ ಕಚೇರಿಯವರು ಕೂಡಿಹಾಕಿದಾಗ ಬಿಡಿಸಲು ಓಡಾಡಿದವರಲ್ಲಿ ಅವನ ಗುರುಗಳಾದ ಕ್ಯಾಂಟ್ಲಿ ಮತ್ತು ಮ್ಯಾನ್ಸನ್ ಇಬ್ಬರೂ ಇದ್ದರು. ಶಿಷ್ಯವಾತ್ಸಲ್ಯವೆಂದರೆ ಇದು.

1890ರಿಂದ ಲಂಡನ್ನಿನಲ್ಲಿ ನೆಲೆಸಿದ ಮ್ಯಾನ್ಸನ್ನನ ಮನೆಗೆ 1894ರಲ್ಲಿ ಭಾರತದ ಸೇನಾವೈದ್ಯ ರೊನಾಲ್ಡ್ ರಾಸ್ ಬಂದನು. ಮ್ಯಾನ್ಸನ್ನನು ಅವನಿಗೆ ಮಲೇರಿಯಾದ ಜೀವಾಣುಗಳನ್ನು ತೋರಿಸಿ, ಇವುಗಳನ್ನೂ ಸೊಳ್ಳೆಯೇ ಒಯ್ಯುತ್ತಿರಬೇಕೆಂದು ಸೂಚಿಸಿದನು. ರಾಸ್ ಭಾರತಕ್ಕೆ ಮರಳಿ ಸಿಕಂದರಾಬಾದಿನಲ್ಲಿ ಕೆಲಸಮಾಡಿದನು. ನಡುವೆ ನಮ್ಮ ಬೆಂಗಳೂರಿನಲ್ಲಿಯೂ ಅಧಿಕಾರಿಯಾಗಿದ್ದನು. ಪತ್ರಗಳು ಸಮುದ್ರ ದಾಟಿ ಓಡಾಡಿದುವು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾವನ್ನು ಕಂಡನು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಕಡಿತದಿಂದಲೇ ಹರಡುತ್ತದೆಂದು ಸಿದ್ಧಪಡಿಸಿದನು. ಹೀಗೆ ಗುರುವಿನ ಊಹೆಯನ್ನು ನಿಜಮಾಡಿದ ಶಿಷ್ಯನೇ ಗುರುವಿನ ನೀರಿನ ವಾದವನ್ನು ಅಲುಗಿಸಿದನು.

ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಥಾಮಸ್ ಬ್ಯಾಂಕ್ರಾಫ್ಟ್ ಎಂಬ ವೈದ್ಯನು ಸೊಳ್ಳೆಗಳಿಗೆ ಬಾಳೆಯಹಣ್ಣು ತಿನ್ನಿಸಿ ವಾರಗಟ್ಟಲೆ ಬದುಕಿಸಿದನು. ಅಷ್ಟು ದಿನ ಬದುಕಿದ ಸೊಳ್ಳೆಯಲ್ಲಿ ಫೈಲೇರಿಯಾ ಪೂರ್ತಿ ಬೆಳೆಯಿತು. ಅವನು ಕಳುಹಿಸಿದ ಸೊಳ್ಳೆಗಳನ್ನು 1900ರಲ್ಲಿ ಲಂಡನ್ನಿನಲ್ಲಿ ತೆಳುವಾಗಿ ಕೊಯ್ದು ನೋಡಿದವನು ಜಾರ್ಜ್ ಲೋ. ಹುಳುಗಳು ಸೊಳ್ಳೆಯ ಸೊಂಡಿಲಿನಲ್ಲಿಯೇ ಕಾದು ಕುಳಿತಿದ್ದುವು! ಈ ಲೋ ಯಾರು? ಮ್ಯಾನ್ಸನ್ನನ ಶಿಷ್ಯನೇ, ಕೆಲಸ ನಡೆದದ್ದು ಮ್ಯಾನ್ಸನ್ನನು 1899ರಲ್ಲಿ ಕಟ್ಟಿದ ಉಷ್ಣವಲಯ ವೈದ್ಯಶಾಲೆಯಲ್ಲಿ. ತನ್ನ ಮನೆಯಂಗಳದಲ್ಲಿಯೇ ತನ್ನ ಮತ ಮುರಿದುಬಿದ್ದಾಗ ಆತನು ಅದನ್ನು ಕಟ್ಟಿಹಿಡಿದು ಕೂರಲಿಲ್ಲ. ಹೊಸ ಸತ್ಯವನ್ನು ಒಪ್ಪಿಕೊಂಡನು. ಅದೇ ವರ್ಷ ಇಟಲಿಯಲ್ಲಿ ಗ್ರಾಸಿ ಮತ್ತು ನೋಯೆ, ಮರುವರ್ಷ ಬ್ಯಾಂಕ್ರಾಫ್ಟ್, ನಾಯಿಯ ಹೃದಯದ ಹುಳುವನ್ನೂ ಸೊಳ್ಳೆಯೇ ಸಾಗಿಸುತ್ತದೆಂದು ತೋರಿಸಿದರು. ನಾಯಿಯ ಹುಳು ಸೊಳ್ಳೆಯ ಎದೆಯಲ್ಲಿ ಬೆಳೆಯದೆ, ಅದರ ಮೂತ್ರನಾಳಗಳಲ್ಲಿ ಬೆಳೆದು ಸೊಂಡಿಲಿಗೆ ಬರುತ್ತದೆ. ಸೊಳ್ಳೆ ಕಚ್ಚುವಾಗ ಚರ್ಮದ ಮೇಲಿಳಿದು ಆ ಗಾಯದಿಂದಲೇ ಒಳಸೇರುತ್ತದೆ. ಆರೇಳು ತಿಂಗಳಲ್ಲಿ ಹೃದಯದಲ್ಲಿ ಸಂಸಾರ ಹೂಡುತ್ತದೆ.

1900ರಲ್ಲಿಯೇ ಇನ್ನೊಂದು ಪರೀಕ್ಷೆ ನಡೆಯಿತು. ರೋಮಿನಿಂದ ತರಿಸಿದ ಮಲೇರಿಯಾ ಸೊಳ್ಳೆಗಳು ಲಂಡನ್ನಿನಲ್ಲಿ ಒಬ್ಬ ತರುಣನನ್ನು ಕಚ್ಚಿದುವು. ಜ್ವರ ಬಂತು, ರಕ್ತದಲ್ಲಿ ಜೀವಾಣು ಕಂಡಿತು, ಕ್ವಿನೈನಿನಿಂದ ಗುಣವಾಯಿತು. ಕೈಯೊಡ್ಡಿದ ಆ ತರುಣನು ಮ್ಯಾನ್ಸನ್ನನ ಸ್ವಂತ ಮಗ, ಆಗ ವೈದ್ಯವಿದ್ಯಾರ್ಥಿ. ಎರಡೇ ವರ್ಷಗಳಲ್ಲಿ ಆ ಮಗನು ಕ್ರಿಸ್ಮಸ್ ದ್ವೀಪದಲ್ಲಿ ಬಂದೂಕಿನ ಅಪಘಾತದಿಂದ ಮಡಿದನು. ತಂದೆಗೆ 1903ರಲ್ಲಿ ಸರ್ ಪದವಿ ಬಂತು. ಆ ಮನೆಯಲ್ಲಿ ಸಂತೋಷ ಎಷ್ಟಿತ್ತೆಂದು ನಾವೇ ಊಹಿಸಬಹುದು. ವಾತರೋಗದಿಂದ ನರಳುತ್ತಲೂ ಅವನು ಪಾಠ ಹೇಳುವುದನ್ನು ಬಿಡಲಿಲ್ಲ. 1922ರ ಏಪ್ರಿಲ್ 9ರಂದು ಲಂಡನ್ನಿನಲ್ಲಿ ತೀರಿಕೊಂಡನು.

ಇಂದು ನಾಯಿ ಸಾಕಿದವರು ಪಶುವೈದ್ಯರ ಸಲಹೆಯಂತೆ ತಿಂಗಳಿಗೊಮ್ಮೆ ಮಾತ್ರೆ ಕೊಟ್ಟು ಹೃದಯದ ಹುಳುವನ್ನು ತಡೆಯಬಹುದು. 1987ರಿಂದ ಇದಕ್ಕೆ ಬಳಕೆಗೆ ಬಂದ ಐವರ್ಮೆಕ್ಟಿನ್ ಎಂಬ ಮದ್ದು ಹೃದಯದಲ್ಲಿ ಬೆಳೆದು ನಿಂತ ಹುಳುವನ್ನು ಕೂಡಲೇ ಕೊಲ್ಲದು; ಹೊಸದಾಗಿ ಒಳಬಂದ ಮರಿಗಳನ್ನು ಕೊಲ್ಲುತ್ತದೆ. ಆದ್ದರಿಂದಲೇ ತಿಂಗಳು ತಪ್ಪಬಾರದು. ಬೇರೆ ಮದ್ದುಗಳೊಡನೆ ಸೇರಿ ಅದೇ ಔಷಧಿ ಮನುಷ್ಯನ ಆನೆಕಾಲು ರೋಗವನ್ನು ತಡೆಯಲೂ ಬಳಕೆಯಲ್ಲಿದೆ. ಹೃದಯದ ಹುಳುವಿನ ಹತ್ತಿರದ ನಂಟ ಇನ್ನೊಂದು ನಾಯಿಯ ಚರ್ಮದಡಿ ವಾಸಿಸುತ್ತದೆ. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಸೊಳ್ಳೆಯ ಮೂಲಕ ಅದು ಒಮ್ಮೊಮ್ಮೆ ಮನುಷ್ಯನ ಕಣ್ಣಿಗೂ ಚರ್ಮಕ್ಕೂ ಬಂದುದನ್ನು ವೈದ್ಯರು ಕಂಡಿದ್ದಾರೆ. ನಾಯಿಯ ರೋಗ ನಾಯಿಗೆ, ನಮ್ಮದು ನಮಗೆ ಎಂದು ಗೋಡೆ ಕಟ್ಟಿದರೆ ಸೊಳ್ಳೆ ಅದರ ಮೇಲಿಂದ ಹಾರಿಬರುತ್ತದೆ.

ಮ್ಯಾನ್ಸನ್ನನು ಗುಟ್ಟನ್ನು ಅರ್ಧವೇ ಬಿಡಿಸಿದನು. ಆದರೆ ಉಳಿದರ್ಧವನ್ನು ಬಿಡಿಸುವವರಿಗೆ ಸೂಕ್ಷ್ಮದರ್ಶಕವನ್ನು ಕೊಟ್ಟನು, ಶಾಲೆಯನ್ನು ಕೊಟ್ಟನು, ತನ್ನನ್ನು ತಿದ್ದುವ ಸ್ವಾತಂತ್ರ್ಯವನ್ನೂ ಕೊಟ್ಟನು. ಗುರುವಿನ ಮಾತನ್ನು ಒಪ್ಪಿಸುವ ಶಿಷ್ಯರು ಎಲ್ಲ ಕಾಲದಲ್ಲಿಯೂ ಸಿಗುತ್ತಾರೆ. ಗುರುವಿನ ತಪ್ಪನ್ನು ತಿದ್ದಬಲ್ಲ ಶಿಷ್ಯನನ್ನು ಬೆಳೆಸುವ ಗುರು ದುರ್ಲಭ. ಮ್ಯಾನ್ಸನ್ನನು ಅಂಥ ಗುರುವಾಗಿದ್ದನೆಂಬುದೇ ಅವನ ಹಿರಿಮೆ.