ಗಿರವಿ ಒಡವೆಗೆ ಬಿಡುಗಡೆ ಕೊಡಿಸಿದ ಹುಣಸೂರಿನ ಅರಸು

ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ ಡಿ. ದೇವರಾಜ ಅರಸು ಅವರ ಹೆಸರು ಭೂಮಿಯೊಂದಿಗೆ ಬೆಸೆದುಕೊಂಡಿದೆ. ಗೇಣಿದಾರನಿಗೆ ಹೊಲದ ಒಡೆತನ ಕೊಡಿಸಿದ ಮುಖ್ಯಮಂತ್ರಿ ಎಂದೇ ನಾಡು ಅವರನ್ನು ಸ್ಮರಿಸುತ್ತದೆ. ಆದರೆ ಅದೇ ಆಡಳಿತದ ಅವಧಿಯಲ್ಲಿ ಬಡವರ ಮನೆಯ ಮತ್ತೊಂದು ಆಸ್ತಿಗೂ ಬಿಡುಗಡೆಯ ದಾರಿ ತೆರೆಯಿತು. ಗಿರವಿ ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿದಿದ್ದ ತಾಳಿ, ಓಲೆ, ಮೂಗುತಿ, ಬೆಳ್ಳಿ ಕಡಗಗಳೇ ಆ ಆಸ್ತಿ. 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಗೆ ಭೂಸುಧಾರಣೆಗೆ ಸಿಕ್ಕಷ್ಟು ಪ್ರಚಾರ ಸಿಗಲಿಲ್ಲ. ಹತ್ತು ಗ್ರಾಂ ಚಿನ್ನದ ಬೆಲೆ 2025ರಲ್ಲಿ ಒಂದು ಲಕ್ಷ ರೂಪಾಯಿ ದಾಟಿದ ಬಳಿಕ, ಒಡವೆ ಕೊಳ್ಳುವವರೂ ಅಡವಿಡುವವರೂ ಅರಿಯಬೇಕಾದ ಅನೇಕ ಸಂಗತಿಗಳು ಆ ಕಾಯ್ದೆಯ ಹಿನ್ನೆಲೆಯಲ್ಲಿವೆ.

ಕಲ್ಲಹಳ್ಳಿಯ ಪದವೀಧರ

ದೇವರಾಜ ಅರಸು 1915ರ ಆಗಸ್ಟ್ 20ರಂದು ಜನಿಸಿದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ತಂದೆಯ ಹೆಸರೂ ದೇವರಾಜ ಅರಸು ಎಂದೇ ಇತ್ತು, ಅವರು ಜಮೀನುಳ್ಳವರು. ತಾಯಿ ದೇವೀರಮ್ಮಣ್ಣಿ. ಅರಸು ಸಮುದಾಯ ಮೈಸೂರು ರಾಜಮನೆತನದೊಂದಿಗೆ ನಂಟು ಹೊಂದಿದ್ದರೂ ಸಂಖ್ಯೆಯಲ್ಲಿ ತೀರ ಚಿಕ್ಕದು. ಅದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಕಾಲ. ನೆರೆಯ ಕೃಷ್ಣರಾಜನಗರ ಪಟ್ಟಣಕ್ಕೆ ಮುಂದೆ ಅವರದೇ ಹೆಸರು ಬಂದಿತು.

ಬಾಲಕ ದೇವರಾಜ ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬಳಿಕ ಕಾಲೇಜು ಶಿಕ್ಷಣ ಪಡೆದು ವಿಜ್ಞಾನ ಪದವೀಧರರಾದರು. ಆ ಕಾಲದಲ್ಲಿ ಪದವಿ ಪಡೆದವರಿಗೆ ಸಂಸ್ಥಾನದ ನೌಕರಿ ದುರ್ಲಭವಾಗಿರಲಿಲ್ಲ. ಆದರೆ ಅವರು ಊರಿಗೆ ಮರಳಿ ಬೇಸಾಯಕ್ಕೆ ಇಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆ ಪ್ರವೇಶಿಸಿದರು. ಅಲ್ಲಿಂದಾಚೆಗೆ ಅವರ ರಾಜಕೀಯ ಬದುಕಿಗೂ ಹುಣಸೂರಿಗೂ ಬಿಡಿಸಲಾಗದ ನಂಟು ಬೆಳೆಯಿತು.

ಹುಣಸೂರಿನ ಪಶ್ಚಿಮಕ್ಕೆ ಪಿರಿಯಾಪಟ್ಟಣ, ಈಶಾನ್ಯಕ್ಕೆ ಕೃಷ್ಣರಾಜನಗರ, ದಕ್ಷಿಣಕ್ಕೆ ಹೆಗ್ಗಡದೇವನಕೋಟೆ. ಕಾವೇರಿಯ ನಾಲೆಗಳ ನೀರು ಕುಡಿದ ಕೃಷ್ಣರಾಜನಗರದಲ್ಲಿ ಭತ್ತ ಬೆಳೆದರೆ, ಉಳಿದ ಮೂರು ತಾಲ್ಲೂಕುಗಳ ಬಹುಭಾಗ ಮಳೆಯನ್ನೇ ನಂಬಿದ ಸೀಮೆ. ರಾಗಿ ಊಟದ ಬೆಳೆಯಾದರೆ, ಹೊಗೆಸೊಪ್ಪು ಕಾಲಕ್ರಮೇಣ ಕಾಸಿನ ಬೆಳೆಯಾಯಿತು. ಇಂಥ ಬೇಸಾಯದಲ್ಲಿ ಖರ್ಚು ತಿಂಗಳು ತಿಂಗಳೂ ಇರುತ್ತದೆ, ಕೈಗೆ ಹಣ ಬರುವುದು ಮಾತ್ರ ವರ್ಷಕ್ಕೊಮ್ಮೆ. ನಡುವಿನ ತಿಂಗಳುಗಳನ್ನು ದಾಟಿಸುತ್ತಿದ್ದುದು ಮನೆಯ ಹೆಣ್ಣುಮಕ್ಕಳ ಮೈಮೇಲಿನ ಒಡವೆ. ಬಿತ್ತನೆಗೆ ಗಿರವಿ, ಸುಗ್ಗಿಗೆ ಬಿಡುಗಡೆ; ಮಳೆ ಕೈಕೊಟ್ಟ ವರ್ಷ ಒಡವೆ ಮನೆಗೆ ಮರಳುತ್ತಿರಲಿಲ್ಲ.

ಗಿರವಿಯ ಲೆಕ್ಕಾಚಾರ

ಗಿರವಿ ವ್ಯವಹಾರವನ್ನು ಕಾನೂನಿನ ಚೌಕಟ್ಟಿಗೆ ತರಲು ರಾಜ್ಯದಲ್ಲಿ 1961ರಲ್ಲಿಯೇ ಲೇವಾದೇವಿದಾರರ ಕಾಯ್ದೆ ಹಾಗೂ ಗಿರವಿದಾರರ ಕಾಯ್ದೆಗಳು ರೂಪುಗೊಂಡಿದ್ದವು. ಪರವಾನಗಿ, ಲೆಕ್ಕಪುಸ್ತಕ, ಗಿರವಿ ಚೀಟಿ, ಬಡ್ಡಿಯ ಮಿತಿ ಎಲ್ಲವೂ ಅಲ್ಲಿದ್ದವು. ಆದರೆ ಓದುಬರಹ ಬಾರದ ಸಾಲಗಾರನಿಗೆ ಚೀಟಿಯಲ್ಲಿ ಬರೆದಿದ್ದೇನೆಂಬುದೇ ತಿಳಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಒಡವೆಯಲ್ಲಿ ಎಷ್ಟು ಚಿನ್ನವಿದೆ ಎಂಬುದೇ ಅವನಿಗೆ ಗೊತ್ತಿರುತ್ತಿರಲಿಲ್ಲ.

ಒಡವೆಯ ತೂಕವೇ ಚಿನ್ನದ ತೂಕವಲ್ಲ. ಶುದ್ಧ ಚಿನ್ನ 24 ಕ್ಯಾರೆಟ್. ಅದು ಮೆದು ಲೋಹವಾದುದರಿಂದ ತಾಮ್ರ ಅಥವಾ ಬೆಳ್ಳಿ ಬೆರೆಸದೆ ಒಡವೆ ಗಟ್ಟಿಯಾಗದು. 22 ಕ್ಯಾರೆಟ್‌ನ ಒಡವೆಯಲ್ಲಿ ನೂರಕ್ಕೆ 91.6 ಭಾಗ, 18 ಕ್ಯಾರೆಟ್‌ನಲ್ಲಿ 75 ಭಾಗ ಚಿನ್ನವಿರುತ್ತದೆ. ಹಳೆಯ ಒಡವೆಗಳಲ್ಲಿ ಬೆಸುಗೆಯ ಲೋಹವೂ ಸೇರಿ ಈ ಪ್ರಮಾಣ ಇನ್ನಷ್ಟು ಇಳಿಯುತ್ತಿತ್ತು. ಟೊಳ್ಳಾದ ಗುಂಡು, ಬಳೆಗಳ ಒಳಗೆ ಆಕಾರ ಕೆಡದಿರಲೆಂದು ಅಕ್ಕಸಾಲಿಗರು ಅರಗು ತುಂಬುತ್ತಿದ್ದರು. ಕೆಂಪು, ಪಚ್ಚೆ, ಬಿಳಿಕಲ್ಲು ಕೂರಿಸಿದ ಓಲೆಯಲ್ಲಿ ಕಲ್ಲಿನ ತೂಕ ಬೇರೆ. ಕೊಳ್ಳುವಾಗ ಅರಗು, ಕಲ್ಲುಗಳಿಗೂ ಚಿನ್ನದ ಬೆಲೆಯನ್ನೇ ತೆತ್ತವರು ಅನೇಕರು. ಅಡವಿಡುವಾಗ ಮಾತ್ರ ಅವೆಲ್ಲ ತಕ್ಕಡಿಯಿಂದ ಕಳೆದುಹೋಗುತ್ತಿದ್ದವು.

ಕಲ್ಲುಗಳ ವಿಷಯದಲ್ಲಂತೂ ನಷ್ಟ ಪೂರ್ಣ. ಕಾರ್ಖಾನೆಯಲ್ಲಿ ತಯಾರಾದ ಕೆಂಪು ಕಲ್ಲು 20ನೇ ಶತಮಾನದ ಆರಂಭದಿಂದಲೇ ಮಾರುಕಟ್ಟೆಯಲ್ಲಿದೆ. ಅದನ್ನು ಗಣಿಯ ಮಾಣಿಕ್ಯದಿಂದ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಸುಲಭವಲ್ಲ. ಹೀಗಾಗಿ ಸಾಲ ಕೊಡುವವನು ಕಲ್ಲಿಗೆ ಬೆಲೆ ಕಟ್ಟುವ ಗೋಜಿಗೇ ಹೋಗುತ್ತಿರಲಿಲ್ಲ. ಒರೆಗಲ್ಲಿನ ಮೇಲೆ ಗೀರೆಳೆದು, ಬಣ್ಣ ನೋಡಿ ಮಾತು ಮುಗಿಸುತ್ತಿದ್ದನು. ಒರೆಗಲ್ಲು ನುರಿತ ಕೈಯಲ್ಲಿ ಉತ್ತಮ ಸಾಧನವೇ ಹೌದು. ಆದರೆ ಆ ಕೈ ಸದಾ ಸಾಲ ಕೊಡುವವನದೇ ಆಗಿತ್ತು.

ಇದರ ಮೇಲೆ 1970ರ ದಶಕದಲ್ಲಿ ಬೆಲೆಯ ಏರಿಕೆಯೂ ಸೇರಿಕೊಂಡಿತು. 1972ರಲ್ಲಿ ಹತ್ತು ಗ್ರಾಂಗೆ ಸುಮಾರು 200 ರೂಪಾಯಿ ಇದ್ದ ಚಿನ್ನ 1974ರ ವೇಳೆಗೆ 500 ರೂಪಾಯಿಯ ಆಸುಪಾಸಿಗೆ ಬಂದಿತು. ಹಳೆಯ ಬೆಲೆಗೆ ಅಡವಿಟ್ಟ ಒಡವೆ ಅವಧಿ ಮೀರಿ ಮುಳುಗಿದರೆ ಏರಿದ ಬೆಲೆಯ ಲಾಭ ಗಿರವಿದಾರನ ಪಾಲಾಗುತ್ತಿತ್ತು. ಬಡ್ಡಿಗಿಂತ ಒಡವೆ ಮುಳುಗುವುದೇ ಹೆಚ್ಚು ಲಾಭದ ಬಾಬತ್ತಾಯಿತು.

ಅಧಿಕಾರದ ವರ್ಷಗಳು

1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ರಾಜ್ಯದ ಹಿರಿಯ ನಾಯಕರಲ್ಲಿ ಬಹುತೇಕರು ಎಸ್. ನಿಜಲಿಂಗಪ್ಪನವರ ಜೊತೆ ಉಳಿದರು. ಅರಸು ಇಂದಿರಾ ಗಾಂಧಿಯವರ ಪಕ್ಷವನ್ನು ರಾಜ್ಯದಲ್ಲಿ ಕಟ್ಟುವ ಹೊಣೆ ಹೊತ್ತರು. 1972ರ ಚುನಾವಣೆಯಲ್ಲಿ ಪಕ್ಷ ಭಾರಿ ಬಹುಮತ ಗಳಿಸಿತು. ಆ ವರ್ಷದ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆದದ್ದು ಅವರ ಕಾಲದಲ್ಲಿಯೇ.

ಹಿಂದುಳಿದ ವರ್ಗಗಳ ಸ್ಥಿತಿಗತಿ ಅರಿಯಲು 1972ರಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯ ಆಯೋಗ ರಚನೆಯಾಗಿ, 1975ರಲ್ಲಿ ವರದಿ ಸಲ್ಲಿಸಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯನ್ವಯ ಭೂನ್ಯಾಯ ಮಂಡಳಿಗಳು ಕಾರ್ಯ ಆರಂಭಿಸಿದವು. ಗೇಣಿದಾರರು ನಮೂನೆ 7ರ ಅರ್ಜಿ ಹಿಡಿದು ಮಂಡಳಿಯ ಮುಂದೆ ನಿಂತರು. ಆದರೆ ಹೊಲ ದಕ್ಕಿದವನ ಕೈಯಲ್ಲಿ ಬೀಜ, ಗೊಬ್ಬರಕ್ಕೆ ಹಣವಿಲ್ಲದಿದ್ದರೆ ಅವನು ಮತ್ತೆ ಸಾಲಗಾರನ ಬಾಗಿಲಿಗೇ ಹೋಗಬೇಕಿತ್ತು. ಭೂಮಿಯೇ ಇಲ್ಲದ ಕೂಲಿಕಾರನಿಗಂತೂ ಭೂಸುಧಾರಣೆಯಿಂದ ನೇರ ಪ್ರಯೋಜನವಿರಲಿಲ್ಲ.

ತುರ್ತುಪರಿಸ್ಥಿತಿ ಘೋಷಣೆಯ ಬೆನ್ನಲ್ಲೇ, 1975ರ ಜುಲೈ 1ರಂದು ಕೇಂದ್ರ ಸರ್ಕಾರ ಪ್ರಕಟಿಸಿದ 20 ಅಂಶಗಳ ಕಾರ್ಯಕ್ರಮದಲ್ಲಿ ಗ್ರಾಮೀಣ ಸಾಲದ ನಿವಾರಣೆ ಹಾಗೂ ಜೀತಪದ್ಧತಿ ರದ್ದತಿ ಸೇರಿದ್ದವು. ಅನೇಕ ರಾಜ್ಯಗಳಲ್ಲಿ ಋಣ ಪರಿಹಾರದ ಕಾನೂನುಗಳು ಬಂದವು. ಕರ್ನಾಟಕದಲ್ಲಿ 1976ರ ಕಾಯ್ದೆ ರೂಪುಗೊಂಡಿತು. ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರು ಖಾಸಗಿಯವರಿಂದ ಪಡೆದ ಸಾಲ ಬಡ್ಡಿಸಹಿತ ತೀರಿತೆಂದು ಅದು ಸಾರಿತು. ವಸೂಲಿಗಾಗಿ ದಾವೆ ಹೂಡಲು ಅವಕಾಶವಿಲ್ಲವಾಯಿತು. ಅಡವಿಟ್ಟ ಚರಸ್ವತ್ತನ್ನು ಸಾಲಗಾರನಿಗೆ ಮರಳಿಸುವುದು ಸಾಲ ಕೊಟ್ಟವನ ಕರ್ತವ್ಯವೆಂದು ಕಾಯ್ದೆ ವಿಧಿಸಿತು. ಸರ್ಕಾರ, ಬ್ಯಾಂಕು ಹಾಗೂ ಸಹಕಾರ ಸಂಘಗಳ ಸಾಲ ಇದರ ವ್ಯಾಪ್ತಿಗೆ ಬರಲಿಲ್ಲ.

ಅದೇ ವರ್ಷ ಜೀತಪದ್ಧತಿ ನಿರ್ಮೂಲನೆಯ ಕೇಂದ್ರ ಕಾಯ್ದೆಯೂ ಬಂದಿತು. ಹೆಗ್ಗಡದೇವನಕೋಟೆಯಂಥ ಸೀಮೆಯಲ್ಲಿ ಈ ಎರಡೂ ಕಾಯ್ದೆಗಳು ಒಂದೇ ಸರಪಳಿಯ ಎರಡು ಕೊಂಡಿಗಳನ್ನು ಮುಟ್ಟಿದವು. ಬಡವನ ಮನೆಯಲ್ಲಿ ಮೊದಲು ಅಡವಿಗೆ ಹೋಗುತ್ತಿದ್ದುದು ಒಡವೆ ಮತ್ತು ಪಾತ್ರೆ. ಅವು ಮುಗಿದ ಮೇಲೆ ಸಾಲಕ್ಕೆ ಆಧಾರವಾಗಿ ಉಳಿಯುತ್ತಿದ್ದುದು ಮನುಷ್ಯನ ದುಡಿಮೆ ಮಾತ್ರ.

ಕಾಯ್ದೆಯ ಮಿತಿ

ಗಿರವಿದಾರರ ವಲಯದಿಂದ ವಿರೋಧ ಬಂದುದು ಸಹಜವೇ. ಇದೇ ಆಶಯದ ಮಹಾರಾಷ್ಟ್ರದ ಕಾಯ್ದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಚಿನ್ನದ ವಹಿವಾಟನ್ನು ಕೇಂದ್ರದ 1968ರ ಚಿನ್ನ ನಿಯಂತ್ರಣ ಕಾಯ್ದೆ ನಿಯಂತ್ರಿಸುತ್ತಿರುವಾಗ ಗಿರವಿ ಚಿನ್ನದ ಬಗ್ಗೆ ರಾಜ್ಯ ಕಾನೂನು ಮಾಡಬಹುದೇ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತು. 1977ರಲ್ಲಿ ನ್ಯಾಯಾಲಯ ಮಹಾರಾಷ್ಟ್ರದ ಕಾಯ್ದೆಯನ್ನು ಎತ್ತಿಹಿಡಿಯಿತು.

ಆದರೆ ನ್ಯಾಯಾಲಯದಲ್ಲಿ ಗೆದ್ದ ಮಾತ್ರಕ್ಕೆ ಇಂಥ ಕಾನೂನು ಹಳ್ಳಿಯಲ್ಲಿ ಗೆಲ್ಲುವುದಿಲ್ಲ. ಚೀಟಿಯೇ ಇಲ್ಲದೆ, ಬಾಯಿಮಾತಿನ ಮೇಲೆ ಅಡವಿಟ್ಟ ಒಡವೆಗೆ ಪುರಾವೆ ಎಲ್ಲಿಂದ ತರುವುದು? ಅದಕ್ಕಿಂತ ದೊಡ್ಡ ತೊಡಕು ಮುಂದಿನ ಹಂಗಾಮಿನದು. ಹಳೆಯ ಸಾಲ ಮನ್ನಾ ಆದ ಕೂಡಲೇ ಹೊಸ ಸಾಲದ ಬಾಗಿಲು ಮುಚ್ಚುವುದು ಋಣ ಪರಿಹಾರದ ಕಾನೂನುಗಳೆಲ್ಲ ಎದುರಿಸಿದ ಸಮಸ್ಯೆ. ಗ್ರಾಮೀಣ ಬ್ಯಾಂಕುಗಳು ದೇಶದಲ್ಲಿ ಆರಂಭವಾದದ್ದೇ 1975ರಲ್ಲಿ. ಬ್ಯಾಂಕು ಹಳ್ಳಿಗೆ ಬರುವ ಮೊದಲೇ ಸಾಹುಕಾರ ಹಿಂದೆ ಸರಿದರೆ ಬಡವನಿಗೆ ಕಷ್ಟಕಾಲದಲ್ಲಿ ದಿಕ್ಕಿಲ್ಲದಂತಾಗುತ್ತದೆ. ಮನೆಗೆ ಮರಳಿದ ಒಡವೆ ಮತ್ತೊಂದು ಬಾಗಿಲ ಮೂಲಕ ಹೊರಗೆ ಹೋಗುವ ಅಪಾಯ ತಪ್ಪಿರಲಿಲ್ಲ. ಈ ಮಿತಿಯನ್ನು ಮರೆತು ಕಾಯ್ದೆಯನ್ನು ಹೊಗಳುವುದು ಅರಸು ಅವರ ಸಾಧನೆಗೆ ನ್ಯಾಯ ಒದಗಿಸಿದಂತಾಗದು.

ಅವರ ಆಡಳಿತ ಟೀಕೆಗೂ ಗುರಿಯಾಯಿತು. ಅವರ ವಿರುದ್ಧದ ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಕೇಂದ್ರದ ಜನತಾ ಸರ್ಕಾರ 1977ರಲ್ಲಿ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ಆ ವರ್ಷದ ಕೊನೆಯಲ್ಲಿ ಸರ್ಕಾರ ವಜಾಗೊಂಡಿತು. ಆದರೂ 1978ರ ಚುನಾವಣೆಯಲ್ಲಿ ಪಕ್ಷವನ್ನು ಗೆಲ್ಲಿಸಿ ಅವರು ಫೆಬ್ರವರಿ 28ರಂದು ಮತ್ತೆ ಮುಖ್ಯಮಂತ್ರಿಯಾದರು. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳುಹಿಸಿದ ಅರಸು, ಮರುವರ್ಷವೇ ಅವರಿಂದ ದೂರವಾದರು. 1980ರ ಲೋಕಸಭಾ ಚುನಾವಣೆಯ ಸೋಲಿನ ಬಳಿಕ ಜನವರಿಯಲ್ಲಿ ಅಧಿಕಾರ ತ್ಯಜಿಸಿದರು. 1982ರ ಜೂನ್ 6ರಂದು ನಿಧನರಾದಾಗ ಅವರಿಗೆ 66 ವರ್ಷ.

ಇಂದಿನ ಒರೆಗಲ್ಲು

ಅರಸು ಅವರ ನಿಧನದ ನಂತರದ ದಶಕಗಳಲ್ಲಿ ಚಿನ್ನದ ಲೋಕ ಬಹಳ ಬದಲಾಯಿತು. ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಯಿತು. 2000ದಲ್ಲಿ ಭಾರತೀಯ ಮಾನಕ ಬ್ಯೂರೊ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಆರಂಭಿಸಿತು. 2021ರ ಜೂನ್‌ನಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಬ್ಯೂರೊದ ಚಿಹ್ನೆ, ಶುದ್ಧತೆಯ ಅಂಕಿ ಹಾಗೂ ಅಕ್ಷರ ಮತ್ತು ಅಂಕಿಗಳು ಬೆರೆತ ಆರು ಸ್ಥಾನಗಳ ಗುರುತು ಸಂಖ್ಯೆ ಇರಲೇಬೇಕು. ಆ ಸಂಖ್ಯೆಯನ್ನು ಬ್ಯೂರೊದ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಒರೆಗಲ್ಲು ಮೊದಲ ಬಾರಿಗೆ ಕೊಳ್ಳುವವನ ಕೈಗೂ ಬಂದಂತಾಯಿತು.

ಆದರೆ ಹಾಲ್‌ಮಾರ್ಕ್ ಲೋಹದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಕಲ್ಲಿನ ಗುಣವನ್ನಲ್ಲ. ಇಪ್ಪತ್ತು ಗ್ರಾಂನ ಹಾರದಲ್ಲಿ ಮೂರು ಗ್ರಾಂ ಕಲ್ಲಿದ್ದರೆ ಚಿನ್ನದ ದರ ಹದಿನೇಳು ಗ್ರಾಂಗೆ ಮಾತ್ರ ಅನ್ವಯಿಸಬೇಕು. ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ, ಮಜೂರಿ ಇವುಗಳನ್ನು ಬೇರೆಬೇರೆಯಾಗಿ ನಮೂದಿಸಿದ ರಸೀದಿ ಪಡೆಯುವುದು ಕೊಳ್ಳುವವರ ಹಕ್ಕು. ಬೆಲೆಬಾಳುವ ರತ್ನವಾದರೆ ಪ್ರಯೋಗಾಲಯದ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕು.

ಅಡವಿಡುವವರ ರಕ್ಷಣೆಗೂ ನಿಯಮಗಳು ಬಂದಿವೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳು ಬ್ಯಾಂಕು ಹಾಗೂ ಹಣಕಾಸು ಸಂಸ್ಥೆಗಳಿಗೆ ಅನ್ವಯಿಸುತ್ತವೆ. ಅವುಗಳ ಪ್ರಕಾರ ಒಡವೆಯ ಪರೀಕ್ಷೆ ಸಾಲಗಾರನ ಸಮ್ಮುಖದಲ್ಲಿ ನಡೆಯಬೇಕು, ಕಲ್ಲು ಮತ್ತಿತರ ಕಡಿತಗಳ ವಿವರವನ್ನು ಬರಹದಲ್ಲಿ ಕೊಡಬೇಕು, ಸಾಲ ತೀರಿದ ಏಳು ಕೆಲಸದ ದಿನಗಳೊಳಗೆ ಒಡವೆ ಮರಳಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ತೆರಬೇಕು. ರಾಜ್ಯ ಸರ್ಕಾರವೂ ಅರಸು ಕಾಲದ ಹಾದಿಯನ್ನು ಮತ್ತೊಮ್ಮೆ ತುಳಿಯಿತು. 2019ರ ಜುಲೈಯಲ್ಲಿ ಜಾರಿಗೆ ಬಂದ 2018ರ ಕರ್ನಾಟಕ ಋಣ ಪರಿಹಾರ ಕಾಯ್ದೆ, ಸಣ್ಣ ರೈತರು, ಭೂರಹಿತ ಕಾರ್ಮಿಕರು ಮತ್ತು ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರದ ಆದಾಯದ ದುರ್ಬಲ ವರ್ಗದವರ ಖಾಸಗಿ ಸಾಲಕ್ಕೆ ಒಂದು ಬಾರಿಯ ಪರಿಹಾರ ನೀಡಿತು. ನಾಲ್ಕು ದಶಕಗಳ ಬಳಿಕವೂ ಅಂಥದ್ದೇ ಕಾಯ್ದೆ ಬೇಕಾಯಿತೆಂಬುದು ಸಮಸ್ಯೆಯ ಆಳವನ್ನು ತೋರಿಸುತ್ತದೆ.

ಮೈಸೂರಿನ ಹೃದಯಭಾಗದಲ್ಲಿರುವ ದೇವರಾಜ ಅರಸು ರಸ್ತೆಯಲ್ಲಿ ಇಂದು ಆಭರಣ ಮಳಿಗೆಗಳು ಸಾಲಾಗಿ ಬೆಳಗುತ್ತಿವೆ. ಮದುವೆಯ ಋತುವಿನಲ್ಲಿ ಸುತ್ತಲಿನ ತಾಲ್ಲೂಕುಗಳ ಜನ ಒಡವೆ ಕೊಳ್ಳಲು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಅನೇಕರಿಗೆ ಆ ಒಡವೆ ಮದುವೆಯ ದಿನದ ಅಲಂಕಾರವಷ್ಟೇ ಅಲ್ಲ. ಬೆಳೆ ಕೈಕೊಟ್ಟಾಗ, ಮಕ್ಕಳ ಕಾಲೇಜು ಶುಲ್ಕ ಕಟ್ಟುವಾಗ, ಆಸ್ಪತ್ರೆಯ ಖರ್ಚು ಎದುರಾದಾಗ ಬಳಸಬೇಕಾದ ಉಳಿತಾಯವೂ ಹೌದು. ಆ ಉಳಿತಾಯದ ನಿಜವಾದ ಬೆಲೆ ನಿರ್ಧಾರವಾಗುವುದು ಕೊಳ್ಳುವ ದಿನವೇ. ಸಾಲದಲ್ಲಿ ಮುಳುಗಿದ ಒಡವೆಯನ್ನು ಕಾನೂನಿನ ಬಲದಿಂದ ಬಿಡಿಸಿಕೊಡಲು ಹುಣಸೂರಿನ ಅರಸು ಯತ್ನಿಸಿದರು. ಒಡವೆಯ ತೂಕ, ಶುದ್ಧತೆ ಮತ್ತು ರಸೀದಿಯನ್ನು ಅರಿತು ಕೊಳ್ಳುವ ಎಚ್ಚರ ಮಾತ್ರ ಗ್ರಾಹಕರೇ ವಹಿಸಬೇಕಾದದ್ದು.